ಬಿಸಿಲನ್ನು ಅಳೆದ ಅನ್ನಾ ಮಣಿ

ಕಳೆದ ಜನವರಿಯಲ್ಲಿ ನಮ್ಮ ಮನೆಯ ತಾರಸಿಗೆ ಸೋಲಾರ್ ಹಾಕಿಸುವ ಮಾತು ಬಂತು. ಅಂಗಳದ ತುಂಬ ಅಡಿಕೆ ಒಣಗಲು ಹಾಕಿದ್ದ ದಿನಗಳವು. ಸೋಲಾರ್‌ನವರ ಕಡೆಯಿಂದ ಬಂದ ಯುವಕ ತಾರಸಿ ಹತ್ತಿ, ದಿಕ್ಕು ನೋಡಿ, ಮೊಬೈಲಿನಲ್ಲಿ ಏನೋ ಒತ್ತಿ, ಒಂದು ಕಿಲೋವ್ಯಾಟ್ ಪ್ಯಾನೆಲ್‌ಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಸಿಗುತ್ತದೆ, ಮಳೆಗಾಲದಲ್ಲಿ ಅದಕ್ಕಿಂತ ಕಡಿಮೆ ಎಂದು ಹೇಳಿದರು. ಉಪ್ಪ ಸಬ್ಸಿಡಿಯ ಬಗ್ಗೆ ಕೇಳಿದರು. ಉಮ್ಮನ ಪ್ರಶ್ನೆಯೇ ಬೇರೆ. ಇಲ್ಲಿಗೆ ಬಂದು ಅರ್ಧ ಗಂಟೆಯೂ ಆಗದವರಿಗೆ ನರಿಕೊಂಬಿನಲ್ಲಿ ವರ್ಷಪೂರ್ತಿ ಬೀಳುವ ಬಿಸಿಲಿನ ಲೆಕ್ಕ ಹೇಗೆ ಗೊತ್ತಾಯಿತು ಎಂದು ಕೇಳಿದರು. ಇಪ್ಪತ್ತು ವರ್ಷದಿಂದ ಅಡಿಕೆ ಒಣಗಿಸುವ ತನಗೇ ನಾಳೆಯ ಬಿಸಿಲು ಎಷ್ಟೆಂದು ಹೇಳಲು ಬರುವುದಿಲ್ಲ ಎಂಬುದು ಅವರ ವಾದ. ಆ ಯುವಕ ನಕ್ಕು, ಡೇಟಾ ಇದೆ ಎಂದಷ್ಟೇ ಹೇಳಿ ಹೋದರು.

ಮರುದಿನ ಭೌತಶಾಸ್ತ್ರ ತರಗತಿ ಮುಗಿದ ಮೇಲೆ ನಾನು ಇದೇ ಪ್ರಶ್ನೆಯನ್ನು ಮೇಡಂ ಬಳಿ ಕೇಳಿದೆ. ನಮ್ಮ ದೇಶದ ಬಿಸಿಲನ್ನು ಮೊದಲು ಕ್ರಮವಾಗಿ ಅಳೆದವರು ಯಾರೆಂದು ನೀನೇ ಹುಡುಕಿ ವಾರ್ತಾಪತ್ರಕ್ಕೆ ಬರೆದು ಕೊಡು ಎಂದರು. ಹಾಗೆ ನನಗೆ ಸಿಕ್ಕಿದ ಹೆಸರು ಅನ್ನಾ ಮಣಿ. ಮಲಯಾಳಂನಲ್ಲಿ ಆ ಹೆಸರನ್ನು ಮಾಣಿ ಎಂದೇ ಬರೆಯುತ್ತಾರೆ, ನಮ್ಮ ಕಲ್ಲಡ್ಕ ದಾಟಿದ ಮೇಲೆ ಸಿಗುವ ಮಾಣಿಯ ಹಾಗೆಯೇ. ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನವರು ನಕ್ಕಿದ್ದರು, ಹೆಸರು ಮಾತ್ರ ಯಾರಿಗೂ ಮರೆಯಲಿಲ್ಲ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಬೇಕು. ನಮ್ಮ ಮಸೀದಿಯ ಗೋಡೆಯಲ್ಲಿ ನಮಾಝಿನ ವೇಳಾಪಟ್ಟಿ ಇದೆ. ಸೂರ್ಯ ಎಷ್ಟು ಗಂಟೆಗೆ ಹುಟ್ಟುತ್ತಾನೆ, ಎಷ್ಟು ಗಂಟೆಗೆ ಮುಳುಗುತ್ತಾನೆ ಎಂಬುದು ವರ್ಷದ ಎಲ್ಲ ದಿನಗಳಿಗೂ ನಿಮಿಷದ ಲೆಕ್ಕದಲ್ಲಿ ಅದರಲ್ಲಿ ಸಿಗುತ್ತದೆ. ಅದು ಭೂಮಿಯ ಚಲನೆಯ ಲೆಕ್ಕ, ಕೋಣೆಯಲ್ಲಿ ಕುಳಿತು ಕಾಗದದ ಮೇಲೆ ಮಾಡಬಹುದು. ಸೂರ್ಯನಿಂದ ನೆಲಕ್ಕೆ ಎಷ್ಟು ಶಕ್ತಿ ಬಂದು ಬೀಳುತ್ತದೆ ಎಂಬುದನ್ನು ಹಾಗೆ ಲೆಕ್ಕ ಹಾಕಲು ಆಗುವುದಿಲ್ಲ. ವಾತಾವರಣದ ಹೊರಗೆ ಒಂದು ಚದರ ಮೀಟರಿಗೆ ಸುಮಾರು 1361 ವ್ಯಾಟ್ ಬರುತ್ತದೆ. ಆಕಾಶ ತಿಳಿಯಾಗಿರುವ ಮಧ್ಯಾಹ್ನ ನೆಲಕ್ಕೆ ಬರುವಾಗ ಅದು ಸುಮಾರು 1000 ವ್ಯಾಟ್ ಆಗಿರುತ್ತದೆ. ಮೋಡ, ಧೂಳು, ನೀರಾವಿ ಎಲ್ಲವೂ ಅದರಲ್ಲಿ ಪಾಲು ತೆಗೆದುಕೊಳ್ಳುತ್ತವೆ. ಘಟ್ಟದ ಕೆಳಗೆ ಒಂದು ರೀತಿ, ಚಿತ್ರದುರ್ಗದಲ್ಲಿ ಇನ್ನೊಂದು ರೀತಿ. ಊರೂರಿನಲ್ಲಿ, ವರ್ಷಗಟ್ಟಲೆ, ಒಂದೇ ಅಳತೆಗೋಲಿನಿಂದ ಅಳೆದೇ ತಿಳಿಯಬೇಕು. ಈಗ ಉಪಗ್ರಹಗಳಿವೆ. ಆದರೆ ಅವು ಕೊಡುವ ಅಂಕಿಯನ್ನೂ ನೆಲದ ಮೇಲಿನ ಮಾಪಕದ ಅಂಕಿಯ ಜೊತೆ ಹೋಲಿಸಿಯೇ ನಂಬಬೇಕಾಗುತ್ತದೆ. ಆ ನೆಲದ ಮಾಪಕಗಳ ಕೆಲಸವನ್ನು ಭಾರತದಲ್ಲಿ ಕಟ್ಟಿ ನಿಲ್ಲಿಸಿದವರು ಅನ್ನಾ ಮಣಿ.

ಅವರು ಹುಟ್ಟಿದ್ದು 1918ರ ಆಗಸ್ಟ್ 23ರಂದು, ಆಗಿನ ತಿರುವಾಂಕೂರು ಸಂಸ್ಥಾನದ ಪೀರುಮೇಡಿನಲ್ಲಿ. ಎಂಟು ಮಕ್ಕಳಲ್ಲಿ ಏಳನೆಯವರು. ಸಿರಿಯನ್ ಕ್ರೈಸ್ತ ಕುಟುಂಬ, ತಂದೆ ಸಿವಿಲ್ ಇಂಜಿನಿಯರ್, ಏಲಕ್ಕಿ ತೋಟಗಳಿದ್ದವು. ಅನುಕೂಲಸ್ಥ ಮನೆ. ಆ ಕಾಲದ ಅಂತಹ ಮನೆಗಳಲ್ಲಿ ಗಂಡುಮಕ್ಕಳನ್ನು ದೊಡ್ಡ ಉದ್ಯೋಗಕ್ಕೆ, ಹೆಣ್ಣುಮಕ್ಕಳನ್ನು ಮದುವೆಗೆ ತಯಾರು ಮಾಡುತ್ತಿದ್ದರು, ಈ ಮನೆಯಲ್ಲೂ ಹಾಗೆಯೇ. ಅನ್ನಾ ಮಾತ್ರ ಪುಸ್ತಕದ ಹುಳು. ಎಂಟು ವರ್ಷ ಆಗುವಾಗ ಊರಿನ ಸಾರ್ವಜನಿಕ ಗ್ರಂಥಾಲಯದ ಮಲಯಾಳಂ ಪುಸ್ತಕಗಳನ್ನೂ, ಹನ್ನೆರಡು ಆಗುವಾಗ ಅಲ್ಲಿದ್ದ ಇಂಗ್ಲಿಷ್ ಪುಸ್ತಕಗಳನ್ನೂ ಹೆಚ್ಚುಕಡಿಮೆ ಓದಿ ಮುಗಿಸಿದ್ದರಂತೆ. ಎಂಟನೇ ಹುಟ್ಟುಹಬ್ಬಕ್ಕೆ ಮನೆಯ ಪದ್ಧತಿಯಂತೆ ವಜ್ರದ ಕಿವಿಯೋಲೆ ಕೊಡಲು ಬಂದಾಗ ಅದು ಬೇಡ, ಬದಲಿಗೆ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಕೊಡಿಸಿ ಎಂದು ಕೇಳಿದ ಕಥೆ ಅವರ ಬಗ್ಗೆ ಬರೆದವರೆಲ್ಲ ಹೇಳುವಂಥದ್ದು. ಆ ವಜ್ರಗಳು ಮುಂದೆ ಬೇರೆ ರೀತಿಯಲ್ಲಿ ಅವರ ಕೈಗೆ ಬಂದವು, ಅದನ್ನು ಮುಂದೆ ಹೇಳುತ್ತೇನೆ.

1925ರಲ್ಲಿ ಗಾಂಧೀಜಿ ವೈಕಂಗೆ ಬಂದರು. ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ಕೆಳಜಾತಿಯವರೆನಿಸಿಕೊಂಡವರು ನಡೆಯಬಾರದು ಎಂಬ ನಿಯಮದ ವಿರುದ್ಧ ಅಲ್ಲಿ ಸತ್ಯಾಗ್ರಹ ನಡೆಯುತ್ತಿತ್ತು. ಅನ್ನಾ ಆಗ ಪುಟ್ಟ ಹುಡುಗಿ. ಆ ಹೋರಾಟ ಮನಸ್ಸಿನಲ್ಲಿ ಉಳಿಯಿತು, ಮುಂದೆ ಅವರು ಖಾದಿ ಉಡಲು ತೊಡಗಿದರು. ಅಕ್ಕಂದಿರಿಗೆ ಬೇಗ ಮದುವೆಯಾದಂತೆ ತನಗೂ ಆಗುವುದು ಬೇಡ, ಓದಬೇಕು ಎಂದಾಗ ಮನೆಯಲ್ಲಿ ದೊಡ್ಡ ವಿರೋಧವೇನೂ ಬರಲಿಲ್ಲ.

ಅವರಿಗೆ ಮೊದಲು ಡಾಕ್ಟರ್ ಆಗುವ ಆಸೆ ಇತ್ತು. ಅದು ಕೈಗೂಡಲಿಲ್ಲ. ತನಗೆ ಚೆನ್ನಾಗಿ ಬರುವ ವಿಷಯ ಎಂಬ ಕಾರಣಕ್ಕೆ ಭೌತಶಾಸ್ತ್ರ ತೆಗೆದುಕೊಂಡರು. ಇದನ್ನು ಓದಿದಾಗ ನನಗೆ ಸಣ್ಣ ಸಮಾಧಾನವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ನಮ್ಮ ಪಿಸಿಎಂಬಿ ತರಗತಿಯಲ್ಲಿ ನೀಟ್ ಬರೆಯದವರು ಏನೋ ಕಾಯಿಲೆ ಬಂದವರ ಹಾಗೆ. ನೀಟ್ ಬಿಟ್ಟು ಬಿಎಸ್ಸಿ ಮಾಡುತ್ತೇನೆ ಎಂದರೆ ನೆಂಟರೆಲ್ಲ ಉಮ್ಮನ ಮುಖ ನೋಡುತ್ತಾರೆ. ಅನ್ನಾ ಮಣಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1939ರಲ್ಲಿ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದಲ್ಲಿ ಬಿಎಸ್ಸಿ ಆನರ್ಸ್ ಮುಗಿಸಿದರು. ಮರುವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ಮಾಡಲು ವಿದ್ಯಾರ್ಥಿವೇತನ ಸಿಕ್ಕಿತು. ಸೇರಿದ್ದು ಸರ್ ಸಿ. ವಿ. ರಾಮನ್ ಅವರ ಪ್ರಯೋಗಾಲಯಕ್ಕೆ.

ಆ ಸಂಸ್ಥೆಯಲ್ಲಿ ಹೆಣ್ಣುಮಕ್ಕಳ ಸ್ಥಿತಿ ಹೇಗಿತ್ತೆಂದು ತಿಳಿಯಲು ಏಳು ವರ್ಷ ಹಿಂದೆ ಹೋಗಬೇಕು. 1933ರಲ್ಲಿ ಬಾಂಬೆಯಿಂದ ಕಮಲಾ ಭಾಗವತ್ ಎಂಬ ವಿದ್ಯಾರ್ಥಿನಿ ಅರ್ಜಿ ಹಾಕಿದಾಗ ನಿರ್ದೇಶಕರಾಗಿದ್ದ ರಾಮನ್ ಹೆಣ್ಣೆಂಬ ಕಾರಣಕ್ಕೆ ಸೇರಿಸಿಕೊಳ್ಳಲು ಒಪ್ಪಿರಲಿಲ್ಲ. ಆಕೆ ಪಟ್ಟು ಬಿಡದೆ ನಿಂತ ಮೇಲೆ ಒಂದು ವರ್ಷದ ಪರೀಕ್ಷಾ ಅವಧಿಯ ಷರತ್ತಿನ ಮೇಲೆ ಸೀಟು ಸಿಕ್ಕಿತು. ಮುಂದೆ ಕಮಲಾ ಸೊಹೊನಿ ಎಂಬ ಹೆಸರಿನಲ್ಲಿ ದೊಡ್ಡ ಜೀವರಸಾಯನ ವಿಜ್ಞಾನಿಯಾದವರು ಅವರೇ. ಅನ್ನಾ ಬರುವಾಗ ಬಾಗಿಲು ತೆರೆದಿತ್ತು, ಆದರೆ ಪೂರ್ತಿ ಅಲ್ಲ. ರಾಮನ್ ತಮ್ಮ ಪ್ರಯೋಗಾಲಯದಲ್ಲಿ ಹುಡುಗರು ಹುಡುಗಿಯರು ಬೆರೆಯದಂತೆ ನೋಡಿಕೊಳ್ಳುತ್ತಿದ್ದರು. ವಿಜ್ಞಾನದಲ್ಲಿ ಜೊತೆಯವರ ಚರ್ಚೆಯಿಂದ ಕಲಿಯುವುದೇ ಬಹಳ, ಆ ಭಾಗ ಅನ್ನಾಗೆ ಸಿಗಲಿಲ್ಲ. ಉಪಕರಣ ಹಿಡಿಯುವುದರಲ್ಲಿ ಹುಡುಗಿಯೊಬ್ಬಳಿಂದ ಚಿಕ್ಕ ತಪ್ಪಾದರೂ ಅದು ಕೂಡಲೇ ಎಲ್ಲರಿಗೂ ಗೊತ್ತಾಗಿ, ಹೆಣ್ಣುಮಕ್ಕಳಿಗೆ ಇದು ಆಗುವ ಕೆಲಸವಲ್ಲ ಎಂಬ ಮಾತು ಹರಡುತ್ತಿತ್ತು. ಹುಡುಗರ ಕೈಯಿಂದ ಬಿದ್ದು ಒಡೆದ ಗಾಜಿಗೆ ಅಂತಹ ಅರ್ಥ ಯಾರೂ ಕಟ್ಟುವುದಿಲ್ಲ, ನಮ್ಮ ಲ್ಯಾಬಿನಲ್ಲೂ.

ಇನ್ನು ವಜ್ರಗಳ ವಿಷಯ. ರಾಮನ್ ಆಗ ವಜ್ರದ ರಚನೆಯ ಬಗ್ಗೆ ತೀವ್ರ ಆಸಕ್ತಿಯಲ್ಲಿದ್ದರು. ಭಾರತ, ಆಫ್ರಿಕಾಗಳಿಂದ ಬಂದ ಸುಮಾರು 300 ವಜ್ರಗಳ ಸಂಗ್ರಹ ಅವರ ಬಳಿ ಇತ್ತು. ಎಂಟನೇ ವಯಸ್ಸಿನಲ್ಲಿ ವಜ್ರದ ಓಲೆ ಬೇಡವೆಂದ ಹುಡುಗಿ ಇಪ್ಪತ್ತೆರಡರಲ್ಲಿ ವಜ್ರಗಳ ಮುಂದೆ ರಾತ್ರಿ ಕಳೆಯತೊಡಗಿದರು. ಮೂವತ್ತಕ್ಕೂ ಹೆಚ್ಚು ವಜ್ರಗಳ ಪ್ರತಿದೀಪ್ತಿ, ಹೀರಿಕೆ ಮತ್ತು ರಾಮನ್ ರೋಹಿತಗಳನ್ನು ಅವರು ದಾಖಲಿಸಿದರು. ಹರಳನ್ನು ದ್ರವಗಾಳಿಯ ತಾಪಕ್ಕೆ ತಣಿಸಿ ಇಡಬೇಕು. ಕೆಲವು ವಜ್ರಗಳು ಹೊಮ್ಮಿಸುವ ಬೆಳಕು ಎಷ್ಟು ಕ್ಷೀಣವೆಂದರೆ ಫೋಟೋ ಪ್ಲೇಟಿನ ಮೇಲೆ ಅದರ ಗುರುತು ಮೂಡಲು 15ರಿಂದ 20 ಗಂಟೆ ಬೇಕು. ಅಷ್ಟು ಹೊತ್ತು ಏನೂ ಅಲುಗಬಾರದು, ತಂಪು ಇಳಿಯಬಾರದು. ಹಾಗಾಗಿ ಪ್ರಯೋಗಾಲಯದಲ್ಲೇ ರಾತ್ರಿಯೂ ಉಳಿಯುತ್ತಿದ್ದರು. ಈಗ ನಮಗೆ ಸ್ಪೆಕ್ಟ್ರೋಮೀಟರ್ ಪ್ರಯೋಗದಲ್ಲಿ ಮೂರು ಗಂಟೆ ಕೂರುವುದೇ ದೊಡ್ಡ ಕಷ್ಟ. 1942ರಿಂದ 1945ರ ಒಳಗೆ ವಜ್ರ ಮತ್ತು ಮಾಣಿಕ್ಯದ ಬೆಳಕಿನ ಬಗ್ಗೆ ಐದು ಪ್ರಬಂಧಗಳನ್ನು ತಮ್ಮೊಬ್ಬರ ಹೆಸರಿನಲ್ಲಿ ಪ್ರಕಟಿಸಿದರು.

1945ರ ಆಗಸ್ಟಿನಲ್ಲಿ ಡಾಕ್ಟರೇಟ್ ಪ್ರಬಂಧವನ್ನು ಮದರಾಸು ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ಬೆಂಗಳೂರಿನ ಸಂಸ್ಥೆಯಲ್ಲಿ ಮಾಡಿದ ಕೆಲಸಕ್ಕೆ ಆಗ ಪದವಿ ಕೊಡುತ್ತಿದ್ದುದು ಆ ವಿಶ್ವವಿದ್ಯಾಲಯ. ಅಲ್ಲಿಂದ ಬಂದ ಉತ್ತರದ ಸಾರ ಇಷ್ಟೇ: ಇವರ ಬಳಿ ಎಂಎಸ್ಸಿ ಇಲ್ಲ, ಆದ್ದರಿಂದ ಪಿಎಚ್‌ಡಿ ಕೊಡಲಾಗದು. ಆನರ್ಸ್ ಪದವಿ ಇದ್ದದ್ದು, ಸಂಶೋಧನೆಗೆಂದೇ ವಿದ್ಯಾರ್ಥಿವೇತನ ಸಿಕ್ಕಿದ್ದು, ಐದು ಪ್ರಬಂಧಗಳು ಅಚ್ಚಾಗಿದ್ದು ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಅವರಿಗೆ ಪಿಎಚ್‌ಡಿ ಕೊನೆಯವರೆಗೂ ಸಿಗಲಿಲ್ಲ. ಆ ಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ, ಡಾಕ್ಟರೇಟ್ ಪಡೆದ ಉಳಿದವರ ಪ್ರಬಂಧಗಳ ಹಾಗೆಯೇ ರಟ್ಟು ಕಟ್ಟಿಸಿಕೊಂಡು ಉಳಿಯಿತು. ನೋಡಿದರೆ ಯಾವ ವ್ಯತ್ಯಾಸವೂ ಕಾಣದು.

ಮುಂದೆ ಅವರ ಬಗ್ಗೆ ಬರೆಯಲು ಬಂದವರು ಈ ಅನ್ಯಾಯದ ಬಗ್ಗೆ ಕೇಳಿದಾಗ ಅನ್ನಾ ಮಣಿ ಅದನ್ನು ದೊಡ್ಡದು ಮಾಡಲಿಲ್ಲ. ಪದವಿ ಇಲ್ಲದ್ದರಿಂದ ತನ್ನ ಬದುಕಿಗೆ ಹೆಚ್ಚೇನೂ ವ್ಯತ್ಯಾಸವಾಗಲಿಲ್ಲ ಎಂಬುದು ಅವರ ನಿಲುವು. ಹೆಣ್ಣಾಗಿದ್ದರಿಂದ ತೊಂದರೆಯಾಯಿತು ಎಂಬ ಮಾತನ್ನೂ ಅವರು ಒಪ್ಪುತ್ತಿರಲಿಲ್ಲ. ನನಗೆ ಇದು ಸುಲಭವಾಗಿ ಜೀರ್ಣವಾಗಲಿಲ್ಲ. ನಮ್ಮ ಮೇಡಂ ಅನ್ನಾ ಪರ. ದೂರು ಹೇಳಿಕೊಂಡು ಕೂರಲು ಅವರಿಗೆ ಪುರಸೊತ್ತು ಇರಲಿಲ್ಲ ಎನ್ನುತ್ತಾರೆ. ಇರಬಹುದು. ಆದರೆ ತನಗೆ ತೊಂದರೆ ಆಗಲಿಲ್ಲ ಎಂದು ಅವರು ಹೇಳಿದರೂ, ಮಾಡಿದ್ದು ತಪ್ಪು ಎಂದು ನಾವು ಹೇಳಬಹುದಲ್ಲ.

ಅದೇ ವರ್ಷ ಇಂಗ್ಲೆಂಡಿನಲ್ಲಿ ತರಬೇತಿ ಪಡೆಯಲು ಸರಕಾರದ ವಿದ್ಯಾರ್ಥಿವೇತನ ಸಿಕ್ಕಿತು. ಯುದ್ಧ ಆಗಷ್ಟೇ ಮುಗಿದಿತ್ತು, ಸೈನಿಕರನ್ನು ಸಾಗಿಸುವ ಹಡಗಿನಲ್ಲಿ ಪ್ರಯಾಣ. ಭೌತಶಾಸ್ತ್ರದಲ್ಲಿ ಸಂಶೋಧನೆ ಮುಂದುವರಿಸುವ ಆಸೆಯಿಂದ ಹೋದವರಿಗೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಉಳಿದಿದ್ದುದು ಹವಾಮಾನ ಉಪಕರಣಗಳ ತರಬೇತಿ ಮಾತ್ರ. ತೆಗೆದುಕೊಂಡರು. ಥರ್ಮಾಮೀಟರ್, ಬ್ಯಾರೋಮೀಟರ್, ಗಾಳಿಮಾಪಕ ಇವುಗಳನ್ನು ಹೇಗೆ ತಯಾರಿಸುವುದು, ಹೇಗೆ ಪರೀಕ್ಷಿಸುವುದು, ಒಂದನ್ನೊಂದು ಹೋಲಿಸಿ ಹೇಗೆ ಸರಿಪಡಿಸುವುದು ಎಂಬುದೇ ಪಾಠ. ಎರಡನೇ ಸಲ ಬೇರೆ ದಾರಿ ಹಿಡಿಯಬೇಕಾಯಿತು, ಎರಡನೇ ಸಲವೂ ಸಿಕ್ಕಿದ ಕೆಲಸವನ್ನೇ ಪೂರ್ತಿ ಮನಸ್ಸಿಟ್ಟು ಮಾಡಿದರು.

1948ರಲ್ಲಿ ಸ್ವತಂತ್ರ ಭಾರತಕ್ಕೆ ಹಿಂತಿರುಗಿ ಪುಣೆಯಲ್ಲಿ ಭಾರತೀಯ ಹವಾಮಾನ ಇಲಾಖೆಗೆ ಸೇರಿದರು. ಅದೇ ವರ್ಷ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಹಂಗೇರಿ ಮೂಲದ ಮರಿಯಾ ಟೆಲ್ಕೆಸ್ ಎಂಬ ವಿಜ್ಞಾನಿ ಸೂರ್ಯನ ಶಾಖದಿಂದಲೇ ಚಳಿಗಾಲ ಕಳೆಯುವ ಮನೆಯೊಂದನ್ನು ಕಟ್ಟಿಸುತ್ತಿದ್ದರು. ಹಗಲಿನ ಶಾಖವನ್ನು ಗ್ಲೌಬರ್ ಲವಣದಲ್ಲಿ ಹಿಡಿದಿಟ್ಟು ರಾತ್ರಿ ಬಳಸುವ ಉಪಾಯ ಅದು. ಮನೆಯ ವಿನ್ಯಾಸ ಮಾಡಿದ ಎಲೀನರ್ ರೇಮಂಡ್, ಹಣ ಕೊಟ್ಟ ಅಮೀಲಿಯಾ ಪೀಬಾಡಿ ಇಬ್ಬರೂ ಹೆಂಗಸರೇ. ಕೆಲವು ಚಳಿಗಾಲ ಕಳೆಯುವಾಗ ಆ ವ್ಯವಸ್ಥೆ ಕೆಟ್ಟುಹೋಯಿತು, ಆದರೂ ಪತ್ರಿಕೆಗಳಲ್ಲಿ ಬಂತು, ಹೆಸರಾಯಿತು. ಪುಣೆಯ ಕೆಲಸ ಯಾರ ಕಣ್ಣಿಗೂ ಬೀಳುವಂಥದ್ದಾಗಿರಲಿಲ್ಲ.

ಸ್ವಾತಂತ್ರ್ಯ ಬರುವವರೆಗೆ ನಮ್ಮ ಹವಾಮಾನ ಇಲಾಖೆ ಸಾಮಾನ್ಯ ಉಪಕರಣಗಳನ್ನೂ ಬ್ರಿಟನ್ನಿನಿಂದಲೇ ತರಿಸಿಕೊಳ್ಳುತ್ತಿತ್ತು. ಎಸ್. ಪಿ. ವೆಂಕಟೇಶ್ವರನ್ ಅವರ ನೇತೃತ್ವದಲ್ಲಿ ಪುಣೆಯಲ್ಲಿ ಅವುಗಳನ್ನು ಇಲ್ಲೇ ತಯಾರಿಸುವ ಕಾರ್ಯಾಗಾರ ಬೆಳೆಯಿತು. 1953ರಲ್ಲಿ ಅನ್ನಾ ಮಣಿ ಆ ವಿಭಾಗದ ಮುಖ್ಯಸ್ಥೆಯಾದರು. ಅವರ ಕೈಕೆಳಗೆ 121 ಜನ, ಎಲ್ಲರೂ ಗಂಡಸರು. ಸುಮಾರು ನೂರು ಬಗೆಯ ಹವಾಮಾನ ಉಪಕರಣಗಳ ನಕ್ಷೆಗಳನ್ನು ಅವರು ಒಂದೇ ಮಾನಕ್ಕೆ ತಂದು ತಯಾರಿಕೆ ಶುರು ಮಾಡಿಸಿದರು.

ಮಾನಕ್ಕೆ ತರುವುದು ಎಂದರೆ ಏನು ದೊಡ್ಡ ಸಂಗತಿ ಎಂದು ನನಗೂ ಮೊದಲು ಅನಿಸಿತ್ತು. ನಮ್ಮ ಲ್ಯಾಬಿನ ಎರಡು ಥರ್ಮಾಮೀಟರ್‌ಗಳನ್ನು ಒಂದೇ ಬೀಕರಿನ ನೀರಿನಲ್ಲಿ ಅದ್ದಿ ನೋಡಿ. ಒಂದು ಡಿಗ್ರಿ ವ್ಯತ್ಯಾಸ ಬಂದೀತು. ಈಗ ಒಂದನ್ನು ಮಂಗಳೂರಿಗೆ, ಇನ್ನೊಂದನ್ನು ಮಡಿಕೇರಿಗೆ ಕಳುಹಿಸಿ, ಎಲ್ಲಿ ಸೆಕೆ ಎಷ್ಟು ಹೆಚ್ಚು ಎಂದು ಕೇಳಿದರೆ ಬರುವ ಉತ್ತರಕ್ಕೆ ಬೆಲೆ ಇಲ್ಲ. ದೇಶದ ನೂರಾರು ಕಡೆ ಇಡುವ ಉಪಕರಣಗಳೆಲ್ಲ ಒಂದೇ ಮಾತು ಆಡಬೇಕಾದರೆ ಎಲ್ಲವನ್ನೂ ಒಂದು ಮೂಲ ಮಾಪಕದ ಜೊತೆ ಹೋಲಿಸಿ ಸರಿಪಡಿಸಬೇಕು, ಕೆಟ್ಟರೆ ಬದಲಿಸುವ ಬಿಡಿಭಾಗ ಎಲ್ಲಕ್ಕೂ ಒಂದೇ ಅಳತೆಯದಾಗಿರಬೇಕು. ತಪ್ಪು ಅಳತೆ ಇರುವುದಕ್ಕಿಂತ ಅಳತೆಯೇ ಇಲ್ಲದಿರುವುದು ಲೇಸು ಎಂಬುದು ಅನ್ನಾ ಮಣಿ ಅವರ ಗಟ್ಟಿ ನಂಬಿಕೆಯಾಗಿತ್ತು. ಅಳತೆ ಇಲ್ಲದಿದ್ದರೆ ತನಗೆ ಗೊತ್ತಿಲ್ಲ ಎಂಬುದಾದರೂ ಮನುಷ್ಯನಿಗೆ ಗೊತ್ತಿರುತ್ತದೆ.

1957-58 ಅಂತಾರಾಷ್ಟ್ರೀಯ ಭೂಭೌತ ವರ್ಷ. ಜಗತ್ತಿನ ಹಲವು ದೇಶಗಳು ಒಟ್ಟಾಗಿ ಭೂಮಿ, ವಾತಾವರಣ, ಸೂರ್ಯನ ಬಗ್ಗೆ ಅಳತೆ ನಡೆಸಿದ ಕಾಲ. ಆ ಸಂದರ್ಭದಲ್ಲಿ ಭಾರತದಲ್ಲಿ ಸೌರ ವಿಕಿರಣ ಅಳೆಯುವ ಕೇಂದ್ರಗಳ ಜಾಲವನ್ನು ಅನ್ನಾ ಮಣಿ ಕಟ್ಟಿದರು. ಮೊದಲು ವಿದೇಶದಿಂದ ತಂದ ಉಪಕರಣ ಬಳಸಿದರೂ ಬೇಗನೆ ಇಲ್ಲೇ ತಯಾರಿಸುವ ವ್ಯವಸ್ಥೆ ಮಾಡಿದರು. ಅದರಲ್ಲಿ ಮುಖ್ಯವಾದದ್ದು ಪೈರನೋಮೀಟರ್. ನೋಡಲು ಸರಳ: ಗಾಜಿನ ಗುಮ್ಮಟ, ಅದರೊಳಗೆ ಕಪ್ಪು ಬಳಿದ ಚಿಕ್ಕ ತಟ್ಟೆ. ಬಿಸಿಲು ಬಿದ್ದಾಗ ತಟ್ಟೆ ಬಿಸಿಯಾಗುತ್ತದೆ, ಅದಕ್ಕೂ ತಂಪಾದ ಭಾಗಕ್ಕೂ ಇರುವ ತಾಪದ ವ್ಯತ್ಯಾಸದಿಂದ ಥರ್ಮೋಕಪಲ್‌ಗಳ ಸಾಲಿನಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಮಧ್ಯಾಹ್ನದ ಕಡು ಬಿಸಿಲಿಗೂ ಸಿಗುವುದು ಕೆಲವೇ ಮಿಲಿವೋಲ್ಟ್. ಸೂರ್ಯಬಿಂಬವನ್ನು ಮರೆಮಾಡುವ ಒಂದು ಬಳೆಯನ್ನು ಮೇಲೆ ಅಡ್ಡವಾಗಿ ಕೂರಿಸಿದರೆ ನೇರ ಬಿಸಿಲು ತಪ್ಪಿ, ಆಕಾಶದಿಂದ ಚದುರಿ ಬರುವ ಬೆಳಕು ಮಾತ್ರ ಅಳೆಯಲ್ಪಡುತ್ತದೆ. ನಮ್ಮ ಜೂನ್, ಜುಲೈಯಲ್ಲಿ ಇರುವುದು ಹೆಚ್ಚಾಗಿ ಆ ಚದುರಿದ ಬೆಳಕೇ. ಅಡಿಕೆ ಒಣಗಲು ಅದು ಸಾಲದು, ಸೋಲಾರ್ ಪ್ಯಾನೆಲ್‌ಗೆ ಸ್ವಲ್ಪವಾದರೂ ಆಗುತ್ತದೆ.

1960ರ ಹೊತ್ತಿಗೆ ಓಝೋನ್ ಕಡೆ ತಿರುಗಿದರು. ಓಝೋನ್ ಪದರದ ತೂತು ಎಂಬ ಮಾತು ಜನರ ಬಾಯಿಗೆ ಬರುವುದಕ್ಕೆ ಎಷ್ಟೋ ಮೊದಲು. ಬಲೂನಿಗೆ ಕಟ್ಟಿ ಮೇಲಕ್ಕೆ ಬಿಡುವ ಓಝೋನ್‌ಸೋಂಡ್ ಎಂಬ ಉಪಕರಣವನ್ನು ಇಲ್ಲೇ ಬೆಳೆಸಿದರು. ಗಾಳಿಯನ್ನು ಪೊಟ್ಯಾಸಿಯಂ ಅಯೊಡೈಡ್ ದ್ರಾವಣದ ಮೂಲಕ ಹಾಯಿಸಿದಾಗ ಓಝೋನ್ ಅಯೊಡಿನ್ ಅನ್ನು ಬಿಡಿಸುತ್ತದೆ, ಅದರಿಂದ ಹುಟ್ಟುವ ವಿದ್ಯುತ್ತನ್ನು ಅಳೆದು ಓಝೋನ್ ಎಷ್ಟೆಂದು ತಿಳಿಯುವುದು. ಅಯೊಡಿನ್ ಬಿಡುಗಡೆಯ ಈ ಪ್ರತಿಕ್ರಿಯೆ ನಮ್ಮ ರಸಾಯನಶಾಸ್ತ್ರ ಪಾಠದಲ್ಲೇ ಇದೆ. ನಾವು ಅದನ್ನು ಎರಡು ಅಂಕದ ಪ್ರಶ್ನೆ ಎಂದು ಓದುತ್ತೇವೆ. ಮುಂದೆ ಅವರು ಅಂತಾರಾಷ್ಟ್ರೀಯ ಓಝೋನ್ ಆಯೋಗದ ಸದಸ್ಯೆಯೂ ಆದರು.

1963ರಲ್ಲಿ ವಿಕ್ರಂ ಸಾರಾಭಾಯಿ ಅವರ ಕೋರಿಕೆಯಂತೆ ತಿರುವನಂತಪುರದ ಬಳಿಯ ತುಂಬಾ ರಾಕೆಟ್ ಕೇಂದ್ರದಲ್ಲಿ ಹವಾಮಾನ ವೀಕ್ಷಣಾಲಯವನ್ನೂ ಉಪಕರಣಗಳ ಗೋಪುರವನ್ನೂ ಸ್ಥಾಪಿಸಿದರು. ಆ ವರ್ಷದ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ ಹಾರಿತು. ಯುವ ಇಂಜಿನಿಯರ್ ಆಗಿದ್ದ ಎ. ಪಿ. ಜೆ. ಅಬ್ದುಲ್ ಕಲಾಂ ಆ ತಂಡದಲ್ಲಿದ್ದರು. ಕಲಾಂ ಸರ್ ಅವರ ಕಥೆಯಲ್ಲಿ ತುಂಬಾದ ಚರ್ಚು, ಸೈಕಲ್ಲು ಎಲ್ಲ ನಮಗೆ ಗೊತ್ತು. ಚಿಕ್ಕ ರಾಕೆಟ್ಟಿನ ದಾರಿಯನ್ನು ಗಾಳಿ ತಿರುಗಿಸಿಬಿಡುತ್ತದೆ, ಹಾಗಾಗಿ ಹಾರಿಸುವ ಮೊದಲು ಗಾಳಿಯನ್ನು ಅಳೆಯುವ ಗೋಪುರ ಅಲ್ಲಿ ಬೇಕೇ ಬೇಕಿತ್ತು. ಅದನ್ನು ನಿಲ್ಲಿಸಿದವರ ಹೆಸರು ನಾನು ಈ ಲೇಖನಕ್ಕಾಗಿ ಓದುವಾಗಲೇ ಮೊದಲು ಕೇಳಿದ್ದು.

1969ರಲ್ಲಿ ದೆಹಲಿಗೆ ಹೋದರು. 1976ರಲ್ಲಿ ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದರು. ಅಷ್ಟಕ್ಕೆ ನಿಲ್ಲಿಸಿದ್ದರೂ ದೊಡ್ಡ ಬದುಕೇ. ಆದರೆ ನವೀಕರಿಸಬಹುದಾದ ಇಂಧನದ ದೃಷ್ಟಿಯಿಂದ ನೋಡಿದರೆ ಮುಖ್ಯ ಕೆಲಸ ಶುರುವಾದದ್ದು ನಿವೃತ್ತಿಯ ನಂತರ, ಅದೂ ನಮ್ಮ ಬೆಂಗಳೂರಿನಲ್ಲಿ.

1970ರ ದಶಕದಲ್ಲಿ ಪೆಟ್ರೋಲಿಯಂ ಬೆಲೆ ಏರಿ ದೇಶಗಳೆಲ್ಲ ಬೇರೆ ಇಂಧನ ಹುಡುಕುತ್ತಿದ್ದವು. ಸೂರ್ಯ ಇದ್ದಾನೆ, ಗಾಳಿ ಇದೆ ಎಂದು ಹೇಳುವವರು ಬಹಳ ಜನ. ಎಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಎಂದು ಹೇಳುವವರು ಬೇಕಿತ್ತು. ಅನ್ನಾ ಮಣಿ ಮೂರು ವರ್ಷ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಂದರ್ಶಕ ಪ್ರಾಧ್ಯಾಪಕಿಯಾಗಿದ್ದರು, ಪದವಿ ಸಿಗದ ತಮ್ಮ ಪ್ರಬಂಧ ಇದ್ದ ಅದೇ ಸಂಸ್ಥೆ. 1980ರ ದಶಕದ ಆರಂಭದಲ್ಲಿ ಅವರ ಮೂರು ದಪ್ಪ ಪುಸ್ತಕಗಳು ಹೊರಬಂದವು: ಭಾರತದ ಸೌರ ವಿಕಿರಣ ದತ್ತಾಂಶಗಳ ಕೈಪಿಡಿ, ಎಸ್. ರಂಗರಾಜನ್ ಅವರೊಂದಿಗೆ ಭಾರತದ ಮೇಲಿನ ಸೌರ ವಿಕಿರಣ, ಡಿ. ಎ. ಮೂಲೇ ಅವರೊಂದಿಗೆ ಪವನ ಶಕ್ತಿಯ ದತ್ತಾಂಶಗಳು. ಕಥೆ ಪುಸ್ತಕದ ಹಾಗೆ ಓದುವಂಥವಲ್ಲ, ಪುಟದ ಮೇಲೆ ಪುಟ ಅಂಕಿಗಳೇ. ಸೌರ ಉಪಕರಣದ ವಿನ್ಯಾಸ ಮಾಡುವ ಇಂಜಿನಿಯರಿಗೆ ಮೊದಲು ಬೇಕಾಗುವುದು ಆ ಅಂಕಿಗಳು.

ಬೆಂಗಳೂರಿನಲ್ಲೇ ಗಾಳಿಯ ವೇಗವನ್ನೂ ಸೌರಶಕ್ತಿಯನ್ನೂ ಅಳೆಯುವ ಉಪಕರಣಗಳನ್ನು ತಯಾರಿಸುವ ಚಿಕ್ಕ ಕಾರ್ಖಾನೆಯನ್ನೂ ಸ್ಥಾಪಿಸಿದರು. ಅರುವತ್ತು ದಾಟಿದ, ಸರಕಾರಿ ಪಿಂಚಣಿ ಬರುವ ಹೆಂಗಸೊಬ್ಬರು ಕಾರ್ಖಾನೆ ತೆರೆಯುವುದನ್ನು ನಮ್ಮ ಊರಿನಲ್ಲಿ ಈಗಲೂ ಊಹಿಸುವುದು ಕಷ್ಟ. ಗಾಳಿಯಿಂದ ವಿದ್ಯುತ್ ಎಲ್ಲಿ ಸಿಗಬಹುದೆಂದು ಹುಡುಕುವ ಕ್ಷೇತ್ರ ಯೋಜನೆಯ ನೇತೃತ್ವವನ್ನೂ ಅವರೇ ವಹಿಸಿದರು. ಅದರಲ್ಲಿ ದೇಶದ 700ಕ್ಕೂ ಹೆಚ್ಚು ಸ್ಥಳಗಳ ಗಾಳಿಯ ದಾಖಲೆ ಸಂಗ್ರಹವಾಯಿತು.

ಗಾಳಿಯ ವಿಷಯದಲ್ಲಿ ಅಳತೆಯ ತಪ್ಪು ಎಷ್ಟು ದುಬಾರಿ ಎಂಬುದನ್ನು ನಾವೇ ಲೆಕ್ಕ ಮಾಡಿ ನೋಡಬಹುದು. ಬೀಸುವ ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ. ವೇಗ ಅರ್ಧವಾದರೆ ಶಕ್ತಿ ಎಂಟನೇ ಒಂದು ಭಾಗ. ನಿಜವಾದ ವೇಗ ಸೆಕೆಂಡಿಗೆ 6 ಮೀಟರ್ ಇರುವ ಗುಡ್ಡದಲ್ಲಿ ಮಾಪಕ ಶೇಕಡಾ ಹತ್ತು ಹೆಚ್ಚು, ಅಂದರೆ 6.6 ಎಂದು ತೋರಿಸಿತು ಎಂದುಕೊಳ್ಳಿ. 6ರ ಘನ 216. 6.6ರ ಘನ ಸುಮಾರು 287. ಸಿಗುವ ವಿದ್ಯುತ್ತಿನ ಲೆಕ್ಕ ಮೂರನೇ ಒಂದು ಭಾಗದಷ್ಟು ಹಿಗ್ಗಿಬಿಟ್ಟಿತು. ಆ ಲೆಕ್ಕ ನಂಬಿ ಸಾಲ ತೆಗೆದು ಗಾಳಿಯಂತ್ರ ನಿಲ್ಲಿಸಿದವರ ಗತಿ ಏನು? ಬಟ್ಟಲುಗಳ ಗಾಳಿಮಾಪಕದ ಬೇರಿಂಗಿಗೆ ಧೂಳು ಹಿಡಿದರೆ ತೋರಿಸುವ ಅಂಕಿ ಇಳಿಯುತ್ತದೆ, ಪಕ್ಕದಲ್ಲಿ ಮರವೋ ಕಟ್ಟಡವೋ ಇದ್ದರೆ ಇನ್ನೊಂದು ಎಡವಟ್ಟು. ಒಂದು ಕಂಬ ಎಲ್ಲಿ ನೆಡಬೇಕು ಎಂಬುದಕ್ಕೂ ಅನ್ನಾ ಮಣಿ ಅಂಥವರು ಏಕೆ ಅಷ್ಟು ತಲೆ ಕೆಡಿಸಿಕೊಳ್ಳುತ್ತಿದ್ದರು ಎಂಬುದು ಈ ಘನದ ಲೆಕ್ಕ ಮಾಡಿದ ಮೇಲೆ ನನಗೆ ಅರ್ಥವಾಯಿತು.

ಇಂದು ಹುಬ್ಬಳ್ಳಿ ಕಡೆ ಬಸ್ಸಿನಲ್ಲಿ ಹೋಗುವಾಗ ಗದಗದ ಕಪ್ಪತಗುಡ್ಡದ ಸಾಲಿನಲ್ಲಿ, ಚಿತ್ರದುರ್ಗದ ಬೆಟ್ಟಗಳ ಮೇಲೆ ಗಾಳಿಯಂತ್ರಗಳು ತಿರುಗುವುದು ಕಾಣುತ್ತದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಮಳೆ ಕಡಿಮೆಯಾಗಿ ಬೇಸಾಯ ಕೈಕೊಟ್ಟ ಆ ಸೀಮೆಯಲ್ಲಿ ರೈತರು ಜಮೀನನ್ನು ಗುತ್ತಿಗೆಗೆ ಕೊಟ್ಟು ಬಾಡಿಗೆ ಪಡೆಯುತ್ತಾರೆ. ನಮ್ಮಲ್ಲಿ ನೇತ್ರಾವತಿಗೆ ಶಂಭೂರಿನಲ್ಲಿ ಕಟ್ಟಿದ ಅಣೆಕಟ್ಟಿನಿಂದ ವಿದ್ಯುತ್ ಬರುತ್ತದೆ. ನೀರು ಎಷ್ಟಿದೆ ಎಂದು ದಡದಲ್ಲಿ ನಿಂತವರಿಗೂ ಕಾಣುತ್ತದೆ. ಬಿಸಿಲು, ಗಾಳಿ ಹಾಗೆ ಕಾಣುವುದಿಲ್ಲ.

ಅನ್ನಾ ಮಣಿ ಮದುವೆಯಾಗಲಿಲ್ಲ. ಪ್ರಕೃತಿ, ಚಾರಣ, ಹಕ್ಕಿ ನೋಡುವುದು ಇವು ಅವರ ಹವ್ಯಾಸಗಳು. 1987ರಲ್ಲಿ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಕೆ. ಆರ್. ರಾಮನಾಥನ್ ಪದಕ ನೀಡಿತು. 1994ರಲ್ಲಿ ಪಾರ್ಶ್ವವಾಯು ತಗಲಿ ಓಡಾಟ ನಿಂತಿತು. 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ತೀರಿಕೊಂಡರು. ಇನ್ನೊಂದು ವಾರ ಕಳೆದಿದ್ದರೆ 83 ತುಂಬುತ್ತಿತ್ತು. 2022ರಲ್ಲಿ ಅವರ ಹುಟ್ಟುಹಬ್ಬದ ದಿನ ಗೂಗಲ್ ಡೂಡಲ್‌ನಲ್ಲಿ ಅವರ ಚಿತ್ರ ಬಂದಿತ್ತು. ನಾನೂ ನೋಡಿರಬೇಕು, ಯಾರೆಂದು ಕೇಳುವ ಮನಸ್ಸು ಆಗ ಬಂದಿರಲಿಲ್ಲ.

ಇಷ್ಟು ಓದಿದ ಮೇಲೆ ನಾವು ಐದು ಜನ ಸೇರಿ ಪ್ಲಾಸ್ಟಿಕ್ ಚೆಂಡುಗಳನ್ನು ಅರ್ಧಕ್ಕೆ ಕತ್ತರಿಸಿ ನಾಲ್ಕು ಬಟ್ಟಲಿನ ಗಾಳಿಮಾಪಕವೊಂದನ್ನು ಮಾಡಿ ಕಾಲೇಜಿನ ತಾರಸಿಯಲ್ಲಿ ನಿಲ್ಲಿಸಿದೆವು. ಮೂರು ದಿನ ಮಧ್ಯಾಹ್ನದ ಬಿಡುವಿನಲ್ಲಿ ಸುತ್ತು ಎಣಿಸಿ ಬರೆದೆವು. ನಾಲ್ಕನೇ ದಿನ ಮೇಡಂ ಬಂದು ನೋಡಿದರೆ ಅದು ನೀರಿನ ಟ್ಯಾಂಕಿನ ಮರೆಯಲ್ಲೇ ಇತ್ತು. ಮೂರೂ ದಿನದ ಅಂಕಿಗಳನ್ನು ಹೊಡೆದುಹಾಕಿಸಿದರು. ಈಗ ಕಂಬವನ್ನು ಮೂಡು ಬದಿಯ ಮೂಲೆಗೆ ಸಾಗಿಸಿದ್ದೇವೆ. ನಿಮಿಷಕ್ಕೆ ಇಷ್ಟು ಸುತ್ತು ಎಂದರೆ ಸೆಕೆಂಡಿಗೆ ಎಷ್ಟು ಮೀಟರ್ ಎಂಬುದನ್ನು ಗಾಳಿ ಇಲ್ಲದ ಬೆಳಗ್ಗೆ ಸ್ಕೂಟರಿನ ಹಿಂದೆ ಹಿಡಿದು ಕುಳಿತು, ಸ್ಪೀಡೋಮೀಟರ್ ನೋಡಿ ಹೊಂದಿಸಬೇಕೆಂದಿದೆ. ಆ ಸ್ಪೀಡೋಮೀಟರ್ ಸರಿ ಇದೆಯೇ ಎಂದು ಮೇಡಂ ಕೇಳಿದ್ದಾರೆ, ಅದಕ್ಕೆ ಉತ್ತರ ಹುಡುಕುತ್ತಿದ್ದೇವೆ. ಸೋಮವಾರದಿಂದ ಮತ್ತೆ ಶುರು. ಪ್ರಥಮ ಪಿಯುಸಿಯವರೂ ಬರಬಹುದು, ಹೆಸರನ್ನು ಭೌತಶಾಸ್ತ್ರ ಲ್ಯಾಬಿನಲ್ಲಿ ಕೊಡಿ.